ಎದೆಗೆ ಕಿವಿಗೊಟ್ಟು

ಸೀಟು ಸಿಕ್ಕ ಸುದ್ದಿ ಕೇಳಿ ಬಂದ ಸೋದರಮಾವ, ತಟ್ಟೆಯಲ್ಲಿಟ್ಟ ಮೈಸೂರುಪಾಕನ್ನು ಬಾಯಿಗೆ ಹಾಕಿಕೊಳ್ಳುವ ಮೊದಲೇ ಕೇಳಿದ: ‘ಮನುಷ್ಯರ ಡಾಕ್ಟರದ್ದು ಸಿಗಲಿಲ್ವೇನಮ್ಮ?’

ಸಿಕ್ಕಿರಲಿಲ್ಲ. ಸ್ವಲ್ಪದರಲ್ಲಿ ತಪ್ಪಿಹೋಯಿತು ಎಂದು ಅವ್ವ ಬಂದವರಿಗೆಲ್ಲ ಹೇಳುತ್ತಿದ್ದಳು. ಹುಡುಗಿ ಮಾತ್ರ ಸುಮ್ಮನಿದ್ದಳು. ರೈತರ ಮಕ್ಕಳ ಮೀಸಲಾತಿಗೆಂದು ನಡೆಯುವ ಪ್ರಾಯೋಗಿಕ ಪರೀಕ್ಷೆಗೆ ಅವಳು ಇಷ್ಟಪಟ್ಟೇ ಹೋಗಿದ್ದಳು. ಪಶುವೈದ್ಯಕೀಯವನ್ನು ಬೇಕೆಂದೇ ಆರಿಸಿಕೊಂಡಿದ್ದಳು. ಅದಕ್ಕೆ ಕಾರಣ ಗೌರಿ ಎಂಬ ಹಸು. ಇನ್ನೂ ನಿಜ ಹೇಳಬೇಕೆಂದರೆ, ಆ ಹಸುವನ್ನು ಕೊಂದವರೆಂದು ಇಡೀ ಮನೆ ನಂಬಿಕೊಂಡಿದ್ದ ಒಬ್ಬ ದನದ ಡಾಕ್ಟರು.

ತಿಪಟೂರು ಸೀಮೆಯ ಆ ಊರಿನಲ್ಲಿ ಒಂದಿಷ್ಟು ತೆಂಗು, ಒಂದಿಷ್ಟು ರಾಗಿ, ಒಂದೆರಡು ಹಸು ಇಷ್ಟರ ಮೇಲೆ ನಡೆಯುವ ಸಂಸಾರಗಳೇ ಹೆಚ್ಚು. ಗೌರಿ ಸೀಮೆಹಸು. ಎರಡು ಹೊತ್ತೂ ಸೇರಿ 14 ಲೀಟರ್ ಕೊಡುತ್ತಿತ್ತು. ಹುಡುಗಿಯ ಶಾಲೆಯ ಫೀಸು, ಅಜ್ಜಿಯ ಮಾತ್ರೆ, ಅಂಗಡಿಯ ಲೆಕ್ಕ ಎಲ್ಲ ಡೈರಿಯ ಬಟವಾಡೆಯಲ್ಲೇ ತೀರಬೇಕು. ಅವಳು ಒಂಬತ್ತನೇ ತರಗತಿಯಲ್ಲಿದ್ದಾಗ ಗೌರಿ ಮೂರನೇ ಕರು ಹಾಕಿತು. ಮಾರನೆಯ ದಿನ ಬೆಳಿಗ್ಗೆ ಹಾಲು ಕರೆದ ಮೇಲೆ ಮಲಗಿದ್ದು ಮತ್ತೆ ಏಳಲಿಲ್ಲ. ಕಿವಿ ತಣ್ಣಗಾಗಿತ್ತು, ಮೂಗು ಒಣಗಿತ್ತು. ಕತ್ತನ್ನು ಪಕ್ಕೆಗೆ ತಿರುಗಿಸಿಕೊಂಡು, ನಿದ್ದೆ ಬಂದವರ ಹಾಗೆ ಕಣ್ಣು ಅರ್ಧ ಮುಚ್ಚಿತ್ತು.

ಡಾಕ್ಟರಿಗೆ ಹೇಳಿಕಳಿಸಿದ್ದಾಯಿತು. ಅವರು ಬರುವತನಕ ಕೈಕಟ್ಟಿ ಕೂರಲು ಯಾರಿಗೆ ಮನಸ್ಸು ಬರುತ್ತದೆ? ಅಪ್ಪ ಸೂರಿಗೆ ಸಿಕ್ಕಿಸಿದ್ದ ಬಿದಿರಿನ ಗೊಟ್ಟ ತೆಗೆದ. ರಾಗಿ ಅಂಬಲಿಗೆ ಬೆಲ್ಲ, ಮೆಣಸು, ಮೇಲಿಷ್ಟು ಹರಳೆಣ್ಣೆ ಬೆರೆಸಿದರು. ಪಕ್ಕದ ಮನೆಯ ಇಬ್ಬರು ಗೌರಿಯ ತಲೆಯನ್ನು ಮೇಲಕ್ಕೆತ್ತಿ ಹಿಡಿದರು, ಒಬ್ಬ ನಾಲಿಗೆ ಹೊರಗೆಳೆದ, ಅಪ್ಪ ದವಡೆಯ ಮೂಲೆಯಿಂದ ಗೊಟ್ಟ ಇಳಿಸಿ ಸುರಿದ. ಗೌರಿ ಎರಡು ಸಲ ಕೆಮ್ಮಿತು. ಮೂರು ಗೊಟ್ಟ ಕುಡಿಸಿದರು. ಗಂಗೆದೊಗಲಿನ ಮೇಲೆ ಸುರಿದದ್ದನ್ನು ಹಳೇ ಸೀರೆಯ ತುಂಡಿನಲ್ಲಿ ಒರೆಸುತ್ತ ನಿಂತಿದ್ದವಳು ಇದೇ ಹುಡುಗಿ.

ಡಾಕ್ಟರು ಬಂದಾಗ ಮಧ್ಯಾಹ್ನ. ಬಂದವರೇ ಬಾಯಿಗೆ ಏನಾದರೂ ಹಾಕಿದಿರಾ ಎಂದು ಕೇಳಿದರು. ‘ಒಂಚೂರು ಅಂಬಲಿ ಸಾರ್’ ಎಂದ ಅಪ್ಪ. ಡಾಕ್ಟರು ಒಂದು ಕ್ಷಣ ಅಪ್ಪನ ಮುಖ ನೋಡಿ, ಏನೂ ಹೇಳದೆ ಬ್ಯಾಗು ಬಿಚ್ಚಿದರು. ಕತ್ತಿನ ರಕ್ತನಾಳಕ್ಕೆ ಸೂಜಿ ಚುಚ್ಚಿ ಬಾಟಲಿ ಏರಿಸಿದರು. ಬಾಟಲಿ ಹಿಡಿಯಲು ಒಬ್ಬನನ್ನು ನಿಲ್ಲಿಸಿ, ತಾವು ಸಗಣಿಯ ನೆಲದಲ್ಲೇ ಮಂಡಿಯೂರಿ ಗೌರಿಯ ಎಡ ಮೊಣಕೈ ಹಿಂದೆ ಸ್ಟೆತಾಸ್ಕೋಪ್ ಇಟ್ಟು ಕೂತುಬಿಟ್ಟರು. ಬಾಟಲಿ ಮುಗಿಯುವವರೆಗೂ ಎದ್ದಿಲ್ಲ. ದನದ ಎದೆ ಬಡಿತವನ್ನೂ ಕೇಳುತ್ತಾರಲ್ಲ ಎಂದು ಬೇಲಿಯಾಚೆ ನಿಂತಿದ್ದ ಹುಡುಗರು ನಕ್ಕರು. ಅರ್ಧ ಗಂಟೆಯಲ್ಲಿ ಗೌರಿ ಮೈ ನಡುಗಿಸಿ, ತೇಗಿ, ಸಗಣಿ ಹಾಕಿ, ಎದ್ದು ನಿಂತಿತು. ಅಜ್ಜಿ ಡಾಕ್ಟರ ಕಾಲಿಗೆ ಬೀಳುವುದೊಂದು ಬಾಕಿ. ಹೊರಡುವಾಗ ಅವರು ಇನ್ನೆರಡು ಇಂಜೆಕ್ಷನ್ ಚುಚ್ಚಿ, ‘ಉಸಿರಾಟದ ಮೇಲೆ ಕಣ್ಣಿಡಿ, ಹೆಚ್ಚುಕಮ್ಮಿ ಆದರೆ ಹೇಳಿಕಳಿಸಿ’ ಎಂದರು.

ಹೆಚ್ಚುಕಮ್ಮಿ ಆಯಿತು. ಎರಡನೆಯ ದಿನ ಮೇವು ಬಿಟ್ಟಿತು. ಮೂರನೆಯ ದಿನ ಮೂಗಿನ ಹೊಳ್ಳೆ ಅರಳಿಸಿಕೊಂಡು ಏದುಸಿರು. ಹತ್ತಿರ ಹೋದರೆ ಉಸಿರಿನಲ್ಲಿ ಕೊಳೆತ ವಾಸನೆ. ಡಾಕ್ಟರು ಇನ್ನೊಮ್ಮೆ ಬಂದು ಔಷಧಿ ಕೊಟ್ಟು ಹೋದರು. ನಾಲ್ಕನೆಯ ದಿನ ನಸುಕಿನಲ್ಲಿ ಗೌರಿ ಹೋಯಿತು. ಎದ್ದು ನಿಂತ ಹಸು ಸಾಯುವುದುಂಟೆ? ಬಾಟಲಿಯೇ ಎದೆಗೆ ಹೊಡೆಯಿತು ಎಂದು ಅಪ್ಪ ತೀರ್ಮಾನಿಸಿದ. ಊರೂ ಹೌದೆಂದಿತು. ಆಮೇಲೆ ಆ ಡಾಕ್ಟರು ಅದೇ ದಾರಿಯಲ್ಲಿ ಬೈಕಿನಲ್ಲಿ ಹೋದರೆ ಅಪ್ಪ ಮುಖ ತಿರುಗಿಸುತ್ತಿದ್ದ. ವರ್ಷ ತುಂಬುವುದರೊಳಗೆ ಅವರಿಗೆ ವರ್ಗವಾಯಿತು. ಸರಿಯಾಗಿ ಓದದವರ ಕೈಗೆ ದನ ಕೊಟ್ಟರೆ ಹೀಗೇ ಆಗುವುದು, ತಾನು ಸರಿಯಾಗಿ ಓದಬೇಕು ಎಂಬ ಹಟ ಹುಡುಗಿಯ ತಲೆಯೊಳಗೆ ಸೇರಿಕೊಂಡದ್ದು ಹಾಗೆ.

ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು 1958ರಲ್ಲಿ ಶುರುವಾದದ್ದು. ಈಗ ಅದು ಬೀದರಿನಲ್ಲಿರುವ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದೆ. ಶಿವಮೊಗ್ಗ, ಹಾಸನ, ಗದಗಗಳಲ್ಲೂ ಕಾಲೇಜುಗಳಿವೆ. ಒಂದು ವರ್ಷದ ಇಂಟರ್ನ್‌ಶಿಪ್ ಸೇರಿ ಓದು ಐದೂವರೆ ವರ್ಷ, ಅಂದರೆ ಮನುಷ್ಯರ ಡಾಕ್ಟರಾಗಲು ಬೇಕಾದಷ್ಟೇ. ಸೋದರಮಾವಂದಿರಿಗೆ ಇದನ್ನು ಯಾರಾದರೂ ಹೇಳಬೇಕು. ಅಲ್ಲಿ ಒಂದು ದೇಹ ಕಲಿತರೆ ಆಯಿತು, ಇಲ್ಲಿ ಹಸು, ಎಮ್ಮೆ, ಕುದುರೆ, ಕುರಿ, ಹಂದಿ, ನಾಯಿ, ಬೆಕ್ಕು, ಕೋಳಿ ಎಲ್ಲವನ್ನೂ ಕಲಿಯಬೇಕು. ಮೇಲೆ, ಎಲ್ಲಿ ನೋವು ಎಂದು ಕೇಳಿದರೆ ಹೇಳುವವರಿಲ್ಲ.

ಮೊದಲ ವರ್ಷ ಅಂಗರಚನೆಯ ತರಗತಿಯಲ್ಲಿ ಹಸುವಿನ ಹೃದಯವನ್ನು ಎರಡೂ ಕೈಯಲ್ಲಿ ಹಿಡಿದಾಗ ಅವಳಿಗೆ ಆಶ್ಚರ್ಯವಾದದ್ದು ಅದರ ತೂಕಕ್ಕಿಂತ ಹೆಚ್ಚಾಗಿ, ಅದರೊಳಗೆ ಒಂದು ಪುಟ್ಟ ಮೂಳೆ ಇದೆ ಎಂಬ ಸಂಗತಿಗೆ. ದನಗಳಿಗೆ ಅದು ಇರುತ್ತದೆ, ನಮಗಿಲ್ಲ. ಆಮೇಲೆ ಕಿವಿಯ ಪಾಠ. ಎಡ ಮುಂಗಾಲನ್ನು ಸ್ವಲ್ಪ ಮುಂದಕ್ಕೆ ಇರಿಸಿ, ಮೊಣಕೈ ಮರೆಯಲ್ಲಿ ಸ್ಟೆತಾಸ್ಕೋಪ್ ತೂರಿಸಬೇಕು. ನೆಮ್ಮದಿಯಾಗಿ ನಿಂತ ಹಸುವಿನ ಎದೆ ನಿಮಿಷಕ್ಕೆ 60ರಿಂದ 80 ಸಲ ಬಡಿಯುತ್ತದೆ. ಕುದುರೆಯದು 28ರಿಂದ 44. ಆನೆಯದು 30ರ ಆಸುಪಾಸು. ಕೋಳಿಯದನ್ನು ಎಣಿಸಹೋದರೆ 250 ದಾಟುತ್ತದೆ, ಎಣಿಸುವವರಿಗೇ ಎದೆ ಬಡಿದುಕೊಳ್ಳುತ್ತದೆ. ನಾಡಿ ನೋಡಲು ಹಸುವಿಗೆ ಬಾಲದ ಬುಡ, ನಾಯಿಗೆ ತೊಡೆಯ ಒಳಭಾಗ.

ಎಣಿಸುವುದು ಬೇಗ ಬಂತು. ಕೇಳಿದ್ದು ರೋಗವೋ ಅಲ್ಲವೋ ಎಂದು ತಿಳಿಯುವುದು ಬೇಗ ಬರಲಿಲ್ಲ. ಆರೋಗ್ಯವಾದ ನಾಯಿಯ ಎದೆ ಬಡಿತ ಉಸಿರು ಎಳೆದುಕೊಂಡಾಗ ಚುರುಕಾಗಿ, ಬಿಟ್ಟಾಗ ನಿಧಾನವಾಗುತ್ತದೆ. ಅವಳು ಮೊದಲ ಸಲ ಕೇಳಿ ಗಾಬರಿಯಿಂದ ಓಡಿಹೋಗಿ ಮೇಷ್ಟ್ರನ್ನು ಕರೆತಂದಳು. ಅವರು ನಕ್ಕು ಕಳಿಸಿದರು. ಒಳ್ಳೆಯ ಓಟದ ಕುದುರೆ ವಿಶ್ರಾಂತಿಯಲ್ಲಿದ್ದಾಗ ನಾಲ್ಕಾರು ಬಡಿತಕ್ಕೊಮ್ಮೆ ಒಂದನ್ನು ನುಂಗಿಬಿಡಬಹುದು. ಓಡಿಸಿದರೆ ಸರಿಹೋಗುತ್ತದೆ, ಅದೂ ಕಾಯಿಲೆಯಲ್ಲ. ಆದರೆ ಬಲವಾಗಿ, ಗಂಭೀರವಾಗಿ ಬಾಗಿಲು ಕಾಯುವ ಡಾಬರ್‌ಮನ್ ನಾಯಿಯ ಹೃದಯದ ಗೋಡೆಗಳು ಮನೆಯವರಿಗೆ ಏನೂ ಗೊತ್ತಾಗದ ಹಾಗೆ ವರ್ಷಗಟ್ಟಲೆ ತೆಳುವಾಗುತ್ತ ಬಂದಿರಬಹುದು. ಒಂದು ದಿನ ಮೆಟ್ಟಿಲು ಹತ್ತುವಾಗ ಕುಸಿಯುತ್ತದೆ. ಚಿಕ್ಕ ಜಾತಿಯ ನಾಯಿಗಳಿಗೆ ವಯಸ್ಸಾದ ಮೇಲೆ ಕಾಡುವುದು ಬೇರೆ: ಹೃದಯದ ಎಡಭಾಗದ ಕವಾಟ ದಪ್ಪಗಾಗಿ, ಸರಿಯಾಗಿ ಮುಚ್ಚದೆ ರಕ್ತ ಹಿಂದಕ್ಕೆ ಸೋರುತ್ತದೆ, ಕೊನೆಗೆ ನೀರು ಶ್ವಾಸಕೋಶ ಸೇರುತ್ತದೆ. ನಾಯಿ ಕೆಮ್ಮುತ್ತದೆ. ಮನೆಯವರು ನೆಗಡಿ ಎಂದುಕೊಳ್ಳುತ್ತಾರೆ. ಹೃದಯದ ಕಾಯಿಲೆ ಶ್ವಾಸಕೋಶದ ಮಾತಿನಲ್ಲಿ ತನ್ನನ್ನು ಹೇಳಿಕೊಳ್ಳುವುದರಿಂದಲೇ ಎರಡನ್ನೂ ಒಟ್ಟಿಗೆ ಕಲಿಸುತ್ತಾರೆ.

ಮನುಷ್ಯರ ಹೃದಯವಿದ್ಯೆಗೆ ಪ್ರಾಣಿಗಳ ಋಣ ದೊಡ್ಡದು. ಬಡಿಯುತ್ತಿರುವ ಹೃದಯದೊಳಗಿನ ಒತ್ತಡವನ್ನು ಸರಿಯಾಗಿ ದಾಖಲಿಸಿದ್ದು 1861ರಲ್ಲಿ, ಕುದುರೆಯಲ್ಲಿ. ಹಾಗೆ ಮಾಡಿದ ಇಬ್ಬರಲ್ಲಿ ಒಬ್ಬರಾದ ಫ್ರಾನ್ಸಿನ ಶೋವೋ ಪಶುವೈದ್ಯ. ಲಂಡನ್ನಿನಲ್ಲಿ ವಾಲರ್ ಎಂಬ ವಿಜ್ಞಾನಿ ತಮ್ಮ ಬುಲ್‌ಡಾಗ್ ಜಿಮ್ಮಿಯ ಪಾದಗಳನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಇರಿಸಿ ಹೃದಯದ ವಿದ್ಯುತ್ತನ್ನು ಎಲ್ಲರಿಗೂ ತೋರಿಸಿದರು. ನಾಯಿಗೆ ಹಿಂಸೆಯಾಯಿತೇ ಎಂದು 1909ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಪ್ರಶ್ನೆಯೇ ಎದ್ದಿತ್ತು. ಇವತ್ತು ಆಸ್ಪತ್ರೆಗೆ ಹೋದವರಿಗೆಲ್ಲ ಇ.ಸಿ.ಜಿ. ತೆಗೆಸುವಾಗ ಜಿಮ್ಮಿಯ ನೆನಪು ಯಾರಿಗಿದೆ?

ಅವಳನ್ನು ಹಿಡಿದು ನಿಲ್ಲಿಸಿದ ಮೊದಲ ರೋಗಿ ಒಂದು ಎಮ್ಮೆ. ಬೆನ್ನು ಕಮಾನಿನ ಹಾಗೆ ಬಾಗಿಸಿಕೊಂಡು, ಮೊಣಕೈಗಳನ್ನು ಮೈಯಿಂದ ದೂರ ಚಾಚಿಕೊಂಡು ಹೆಜ್ಜೆಗೊಮ್ಮೆ ನರಳುತ್ತ ಬಂತು. ಇಳಿಜಾರಿನಲ್ಲಿ ಇಳಿಯಲು ಒಲ್ಲದು. ಕತ್ತಿನ ರಕ್ತನಾಳ ಹಗ್ಗದಷ್ಟು ದಪ್ಪ ಉಬ್ಬಿತ್ತು. ಎದೆಯ ಕೆಳಗೆ ನೀರು ತುಂಬಿಕೊಂಡು ಬಾವು. ಸ್ಟೆತಾಸ್ಕೋಪ್ ಇಟ್ಟರೆ ಲಬ್ ಡಬ್ ಇಲ್ಲ. ಅರ್ಧ ತುಂಬಿದ ಬಿಂದಿಗೆಯನ್ನು ಕಂಕುಳಲ್ಲಿಟ್ಟುಕೊಂಡು ನಡೆದರೆ ಬರುವ ಸದ್ದು.

ದನ ಮೇವನ್ನು ಅಗಿದು ನುಂಗುವುದಿಲ್ಲ, ಮೊದಲು ನುಂಗಿ ಆಮೇಲೆ ಮೆಲುಕು ಹಾಕುತ್ತದೆ. ಮೇವಿನಲ್ಲಿ ತಂತಿ, ಮೊಳೆ, ಸೂಜಿ ಇದ್ದರೆ ಅದಕ್ಕೆ ತಿಳಿಯುವುದೇ ಇಲ್ಲ. ಭಾರದ ವಸ್ತು ಜೇನುಗೂಡಿನಂಥ ಒಳಮೈಯಿರುವ ಎರಡನೆಯ ಹೊಟ್ಟೆಗೆ ಬೀಳುತ್ತದೆ. ಆ ಹೊಟ್ಟೆಗೂ ಹೃದಯಕ್ಕೂ ನಡುವೆ ಇರುವುದು ತೆಳ್ಳಗಿನ ವಪೆ ಮಾತ್ರ. ಹೊಟ್ಟೆ ಹಿಚುಕಿಕೊಂಡಾಗಲೆಲ್ಲ ತಂತಿ ಒಂದಿಷ್ಟು ಮುಂದೆ ಸರಿಯುತ್ತದೆ. ಗಬ್ಬ ತುಂಬಿದಾಗ, ಕರು ಹಾಕಲು ಮುಕ್ಕುವಾಗ ಇನ್ನಷ್ಟು. ಹೃದಯದ ಚೀಲಕ್ಕೆ ಚುಚ್ಚಿದರೆ ಅಲ್ಲಿ ಕೀವು ತುಂಬುತ್ತದೆ, ಹೃದಯಕ್ಕೆ ಅರಳಲು ಜಾಗವೇ ಇರುವುದಿಲ್ಲ. ಬೇಗ ಗೊತ್ತಾದರೆ ಹೊಟ್ಟೆ ಕೊಯ್ದು ತಂತಿ ತೆಗೆಯಬಹುದು. ಆ ಎಮ್ಮೆಗೆ ಕಾಲ ಮಿಂಚಿತ್ತು. ಶವಪರೀಕ್ಷೆಯಲ್ಲಿ ಸಿಕ್ಕಿದ್ದು ಬೆರಳುದ್ದದ ಒಂದು ತಂತಿ. ಮನೆ ಕಟ್ಟುವಾಗ ಕಬ್ಬಿಣದ ಸರಳು ಬಿಗಿಯಲು ಬಳಸುತ್ತಾರಲ್ಲ, ಅದು. ಎಮ್ಮೆಯ ಯಜಮಾನ ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿ, ‘ನಮ್ಮ ಮನೇದೇ ಸಾರ್. ಹೋದ ವರ್ಷ ಮೋಲ್ಡ್ ಹಾಕಿಸಿದ್ವಿ’ ಎಂದ. ಹಸುವಿನ ಹೊಟ್ಟೆಗೆ ಒಂದು ಅಯಸ್ಕಾಂತವನ್ನು ನುಂಗಿಸಿಬಿಟ್ಟರೆ ಅದು ಅಲ್ಲೇ ಉಳಿದು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಈ ಉಪಾಯ ಗೊತ್ತಿರುವ ಮನೆಗಳು ಕಡಿಮೆ. ಮನೆ ಕಟ್ಟಿದ ಜಾಗವನ್ನು ಗುಡಿಸಿ ತಂತಿ ಆರಿಸುವುದಕ್ಕಂತೂ ಅಯಸ್ಕಾಂತವೂ ಬೇಡ.

ಹಾಲುಜ್ವರದ ಪಾಠ ಬಂದ ದಿನ ಅವಳು ಮುಂದಿನ ಬೆಂಚಿಗೆ ಹೋಗಿ ಕೂತಳು. ಹೆಸರಿನಲ್ಲಿ ಜ್ವರವಿದ್ದರೂ ಮೈ ತಣ್ಣಗಾಗುವ ಕಾಯಿಲೆ ಅದು. ಕರು ಹಾಕಿದ ಹಸುವಿನ ಮೈಯೊಳಗಿನ ಸುಣ್ಣದ ಅಂಶ ಒಮ್ಮೆಗೇ ಹಾಲಿಗೆ ಹರಿದು ರಕ್ತದಲ್ಲಿ ಕ್ಯಾಲ್ಸಿಯಂ ಕುಸಿಯುತ್ತದೆ. ಅದಿಲ್ಲದೆ ಸ್ನಾಯುಗಳು ಕೆಲಸ ಮಾಡವು. ಕಾಲು ಸೋಲುತ್ತದೆ, ಹೊಟ್ಟೆ ನಿಲ್ಲುತ್ತದೆ, ಎದೆ ಬಡಿತ ಕ್ಷೀಣವಾಗುತ್ತದೆ. ಚಿಕಿತ್ಸೆ 450 ಮಿಲಿಲೀಟರಿನ ಕ್ಯಾಲ್ಸಿಯಂ ಬಾಟಲಿ, ನೇರವಾಗಿ ರಕ್ತಕ್ಕೆ. ನಿಧಾನವಾಗಿ ಹೋಗಬೇಕು. ಅವಸರ ಮಾಡಿದರೆ ಹೃದಯ ತಾಳ ತಪ್ಪಿ ನಿಂತೇಹೋಗಬಹುದು.

ಅಪ್ಪ ಹೇಳಿದ್ದೇ ನಿಜ, ಬಾಟಲಿ ಎದೆಗೆ ಹೊಡೆಯುತ್ತದೆ! ಅವಳು ಪುಸ್ತಕದ ಆ ಸಾಲಿಗೆ ಅಡಿಗೆರೆ ಎಳೆದಳು. ಆದರೆ ಅದರ ಕೆಳಗಿನ ಸಾಲು ಬೇರೆಯೇ ಇತ್ತು: ಬಾಟಲಿ ಹೋಗುವಷ್ಟು ಹೊತ್ತೂ ಡಾಕ್ಟರು ಎದೆಯ ಸದ್ದು ಕೇಳುತ್ತಲೇ ಇರಬೇಕು, ಬಡಿತ ಏರುಪೇರಾದರೆ ಅಲ್ಲಿಗೇ ನಿಲ್ಲಿಸಬೇಕು. ಅಲ್ಲದೆ ಹಾಗೆ ಹೊಡೆಯುವುದಿದ್ದರೆ ಅದು ಆಗಿಂದಾಗಲೇ, ಸೂಜಿ ಚುಚ್ಚಿರುವಾಗಲೇ ಹೊಡೆಯುತ್ತದೆ, ನಾಲ್ಕು ದಿನ ಕಾಯುವುದಿಲ್ಲ. ಸಗಣಿಯ ನೆಲದಲ್ಲಿ ಮಂಡಿಯೂರಿ ಕೂತಿದ್ದ ಆ ಮನುಷ್ಯ ಅವಳ ಕಣ್ಣಮುಂದೆ ಬಂದರು. ಸರಿ, ಹಾಗಾದರೆ ಗೌರಿ ಸತ್ತದ್ದು ಯಾವುದರಿಂದ?

ಉತ್ತರ ಸಿಕ್ಕಿದ್ದು ಶವಪರೀಕ್ಷೆಯ ಹಾಲಿನಲ್ಲಿ. ಆ ದಿನ ಯಾರದೋ ಹಸು. ಎದೆಗೂಡು ತೆರೆದಾಗಲೇ ವಾಸನೆ ಮೂಗಿಗೆ ಬಡಿಯಿತು. ಅವಳಿಗೆ ಅದು ಹೊಸ ವಾಸನೆಯಲ್ಲ. ಶ್ವಾಸಕೋಶಗಳು ಹಿಂದುಗಡೆ ತಿಳಿಗೆಂಪಾಗಿ, ಸ್ಪಂಜಿನಂತೆ ಹಗುರಾಗಿದ್ದವು. ಬಲಗಡೆಯ ಮುಂದಿನ ಹಾಲೆ ಮಾತ್ರ ಪಿತ್ತಜನಕಾಂಗದ ಹಾಗೆ ಗಟ್ಟಿಯಾಗಿ, ಕಪ್ಪುಹಸಿರಾಗಿ ಕೊಳೆತಿತ್ತು. ಕತ್ತರಿಯಿಂದ ಶ್ವಾಸನಾಳ ಸೀಳಿದರೆ ಒಳಗೆ ಎಣ್ಣೆಯ ಪಸೆ. ಮೇಷ್ಟ್ರು ವಿವರಿಸಿದರು: ದನಕ್ಕೆ ಶ್ವಾಸನಾಳ ಎರಡು ಕವಲಾಗುವ ಮೊದಲೇ ಒಂದು ಕೊಳವೆ ಬಲ ಮುಂಹಾಲೆಗೆ ಹೊರಡುತ್ತದೆ. ದಾರಿತಪ್ಪಿ ಗಾಳಿಯ ಕೊಳವೆಗೆ ಬಿದ್ದದ್ದು ಹೆಚ್ಚಾಗಿ ಸೇರುವುದು ಅಲ್ಲಿಗೇ. ತಲೆ ಎತ್ತಿ ಹಿಡಿದು ನಾಲಿಗೆ ಎಳೆದರೆ ಹಸು ನುಂಗಲಾರದು. ಹಾಲುಜ್ವರ ಬಂದ ಹಸುವಿಗಂತೂ ಗಂಟಲ ಸ್ನಾಯುಗಳೇ ಸೋತಿರುತ್ತವೆ, ಹೊಯ್ದದ್ದು ನೇರವಾಗಿ ಶ್ವಾಸಕೋಶಕ್ಕೆ. ಹೆಚ್ಚು ಹೋದರೆ ಅಲ್ಲೇ ಸಾವು. ಕಡಿಮೆ ಹೋದರೆ ಎರಡು ಮೂರು ದಿನಗಳಲ್ಲಿ ಶ್ವಾಸಕೋಶ ಕೊಳೆಯಲು ಶುರುವಾಗುತ್ತದೆ, ಔಷಧಿ ಕೊಟ್ಟರೂ ಉಳಿಯುವುದು ಅಪರೂಪ. ಕೆಮ್ಮಿತೆಂದರೆ ಆ ಕ್ಷಣವೇ ತಲೆ ಬಿಡಬೇಕು.

ಗೌರಿ ಎರಡು ಸಲ ಕೆಮ್ಮಿತ್ತು.

ಅವಳು ಕೈಗವಸು ಕಳಚಿ ಹೊರಗೆ ಬಂದು ನಲ್ಲಿಯ ಕಟ್ಟೆಯ ಮೇಲೆ ಕೂತಳು. ಜೊತೆಯವರು ವಾಸನೆಗೆ ತಲೆಸುತ್ತು ಬಂತೆಂದುಕೊಂಡರು. ಬಾಯಿಗೆ ಏನಾದರೂ ಹಾಕಿದಿರಾ ಎಂದು ಕೇಳಿ ಅಪ್ಪನ ಮುಖ ನೋಡಿದ್ದ ಡಾಕ್ಟರಿಗೆ ಅವತ್ತೇ ಎಲ್ಲ ಗೊತ್ತಿತ್ತು. ಹೇಳಿ ನೋಯಿಸಲಿಲ್ಲ. ಹೇಳಿದ್ದರೆ ಊರಿನ ಇನ್ನಷ್ಟು ಹಸುಗಳು ಉಳಿಯುತ್ತಿದ್ದವೋ ಏನೋ, ಅದು ಬೇರೆ ಮಾತು. ಈಗ ಗೊತ್ತಿರುವವಳು ಇವಳು. ಅದೇ ಗೊಟ್ಟ ಇವತ್ತಿಗೂ ಮನೆಯ ಸೂರಿನಲ್ಲಿದೆ. ಮುಂದಿನ ಎರಡು ರಜೆಗಳಲ್ಲಿ ಊರಿಗೆ ಹೋದರೂ ಅವಳಿಗೆ ಬಾಯಿ ಬರಲಿಲ್ಲ. ಹಸು ಸತ್ತ ವರ್ಷ ಡೈರಿ ಸಾಲ ತೀರಿಸಲು ಅಪ್ಪ ಪಟ್ಟ ಪಾಡು ಅವಳು ಕಂಡದ್ದೇ. ಮಗಳ ಓದಿಗೆ ದುಡ್ಡು ಹೊಂದಿಸಿದವನಿಗೆ, ಆ ಓದಿನಿಂದಲೇ ‘ನೀನೇ ಕೊಂದೆ’ ಎಂದು ತಂದು ಹೇಳುವುದು ಹೇಗೆ?

ನಾಲ್ಕನೆಯ ವರ್ಷದ ರಜೆಯಲ್ಲಿ ಅವಳು ಮನೆಯಲ್ಲಿದ್ದಾಗಲೇ ಗೌರಿಯ ಮಗಳು ಕರು ಹಾಕಿತು. ಅವತ್ತು ತಾಯಿಯನ್ನು ಕಳೆದುಕೊಂಡು ಬಾಟಲಿ ಹಾಲಿನಲ್ಲಿ ಬೆಳೆದ ಕರುವೇ ಅದು. ಮಾರನೆಯ ಬೆಳಿಗ್ಗೆ ಅದೇ ಮೂಲೆಯಲ್ಲಿ, ಅದೇ ಹಾಗೆ, ಕತ್ತು ಪಕ್ಕೆಗೆ ತಿರುಗಿಸಿಕೊಂಡು ಮಲಗಿತ್ತು. ಅಪ್ಪನ ಕೈ ಸೂರಿಗೆ ಹೋಯಿತು.

‘ಬೇಡಪ್ಪ’ ಎಂದಳು.

‘ಬರೀ ಅಂಬಲಿ ಕಣವ್ವ, ಶಕ್ತಿ ಬರ್ಲಿ.’

‘ಈಗ ಅದಕ್ಕೆ ನುಂಗೋಕಾಗಲ್ಲ. ಬಾಯಿಗೆ ಏನೂ ಬೇಡ.’

ಅಪ್ಪ ಗೊಟ್ಟ ಹಿಡಿದುಕೊಂಡೇ ನಿಂತ. ಅವಳು 1962ಕ್ಕೆ ಫೋನು ಮಾಡಿ, ಪಕ್ಕೆಗೆ ಉರುಳದ ಹಾಗೆ ಹಸುವನ್ನು ಎದೆಯ ಮೇಲೆ ಕೂರಿಸಿ ಎರಡೂ ಕಡೆ ಹುಲ್ಲು ತುಂಬಿದ ಚೀಲ ಒತ್ತಿಟ್ಟು, ಮೈಮೇಲೆ ಗೋಣಿತಾಟು ಹೊದಿಸಿದಳು. ಸಂಚಾರಿ ವಾಹನದಲ್ಲಿ ಬಂದ ಡಾಕ್ಟರು ಚಿಕ್ಕ ವಯಸ್ಸಿನವರು. ಬಾಟಲಿ ಏರಿಸಿ, ಇವಳು ಓದುತ್ತಿರುವುದು ಏನೆಂದು ತಿಳಿದ ಮೇಲೆ ಸ್ಟೆತಾಸ್ಕೋಪನ್ನು ಇವಳ ಕೈಗೇ ಕೊಟ್ಟರು. ಅವಳು ಮಂಡಿಯೂರಿದಳು. ದೂರದಿಂದ ಯಾರೋ ಓಡಿಬರುವ ಹಾಗೆ ಕ್ಷೀಣವಾಗಿ, ಅವಸರವಾಗಿ ಬಡಿಯುತ್ತಿದ್ದ ಎದೆ, ಬಾಟಲಿ ಅರ್ಧವಾಗುವ ಹೊತ್ತಿಗೆ ನಿಧಾನವಾಗುತ್ತ, ಬಲಗೊಳ್ಳುತ್ತ ಬಂತು. ಡಾಕ್ಟರಿಗೆ ಎಣಿಕೆ ಹೇಳಿದಳು. ಅವರು ಒಮ್ಮೆ ತಾವೂ ಕೇಳಿ ತಲೆಯಾಡಿಸಿದರು.

ಅಪ್ಪ ಪಕ್ಕದಲ್ಲೇ ಕುಕ್ಕುರುಗಾಲಿನಲ್ಲಿ ಕೂತಿದ್ದ. ಅವಳು ಸ್ಟೆತಾಸ್ಕೋಪನ್ನು ಅವನ ಕಿವಿಗಿಟ್ಟಳು. ಅಪ್ಪ ಮೊದಲು ತಲೆ ಹಿಂದೆಗೆದ, ಆಮೇಲೆ ಅಲುಗಾಡದೆ ಕೇಳಿದ. ಮೂವತ್ತು ವರ್ಷದಿಂದ ದನ ಕಟ್ಟಿದವನು ದನದ ಎದೆ ಬಡಿತ ಕೇಳಿದ್ದು ಅದೇ ಮೊದಲು. ಹಸು ಒಮ್ಮೆ ಮೈ ನಡುಗಿಸಿತು, ತೇಗಿತು.

ಡಾಕ್ಟರು ಹೋದ ಮೇಲೆ ಅಪ್ಪ ಕಾಫಿ ಲೋಟ ಹಿಡಿದುಕೊಂಡು ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದ. ಎದ್ದು ನಿಂತ ಹಸು ಕರುವನ್ನು ನೆಕ್ಕುತ್ತಿತ್ತು.

‘ಅವತ್ತು ಅವರೂ ಹೀಗೇ ಕೂತಿದ್ರು. ಕಿವಿಗೆ ಹಾಕ್ಕೊಂಡು.’

‘ಹೂಂ.’

‘ಗೌರಿಗೂ ನುಂಗೋಕೆ ಆಗ್ತಿರಲಿಲ್ವೇನವ್ವ?’

ಅವಳು ಹೇಳಿದಳು. ಗಂಟಲು, ಶ್ವಾಸನಾಳ, ಬಲಗಡೆಯ ಹಾಲೆ, ಎರಡು ಸಲದ ಕೆಮ್ಮು, ಯಾವುದನ್ನೂ ಬಿಡದೆ ಹೇಳಿದಳು. ಒರೆಸುತ್ತ ನಿಂತಿದ್ದವಳು ತಾನು, ತನಗೂ ಗೊತ್ತಿರಲಿಲ್ಲ ಎಂದೂ ಹೇಳಿದಳು. ಅಪ್ಪ ನಡುವೆ ಮಾತಾಡಲಿಲ್ಲ. ಕಾಫಿ ಆರಿಹೋಯಿತು. ಒಳಗಿನಿಂದ ಅಜ್ಜಿ ಯಾರಿಗೋ, ಹಸು ಎದ್ದಿತಂತೆ ಎಂದು ಕೂಗಿ ಹೇಳುತ್ತಿದ್ದಳು.

ಬಹಳ ಹೊತ್ತಾದ ಮೇಲೆ ಅಪ್ಪ ಕೇಳಿದ: ‘ಆ ಡಾಕ್ಟ್ರು ಈಗ ಯಾವ ಊರಲ್ಲಿದಾರೋ, ನಿಮ್ಮ ಕಾಲೇಜಿನಲ್ಲಿ ವಿಚಾರಿಸಿದ್ರೆ ಗೊತ್ತಾಗುತ್ತೇನು?’